‘ಪ್ಲೇ’ಗೆ ಬಲ್ಗೇರಿಯನ್ನಿನಲ್ಲಿ ಎಷ್ಟು ಕ್ರಿಯಾಪದ, ನಮ್ಮಲ್ಲಿ ಎಷ್ಟು?

ಗೆಳೆಯರೇ,

ಇಂಗ್ಲಿಷಿನ ಒಂದೇ ಪದಕ್ಕೆ ಹತ್ತಾರು ಅರ್ಥ ಎಂಬ ಮಾತು ಬಂದಾಗಲೆಲ್ಲ ‘ಸೆಟ್’, ‘ರನ್’ ಎನ್ನುತ್ತಾರೆ. ನನಗೆ ‘ಪ್ಲೇ’ ಜಾಸ್ತಿ ತಮಾಷೆಯದು ಅನ್ನಿಸುತ್ತದೆ. ಅದರಲ್ಲೂ ಬಲ್ಗೇರಿಯನ್ ಮಾತಾಡುವವರ ಕಡೆಯಿಂದ ನೋಡಿದರೆ.

ಅವರಿಗೆ ಫುಟ್‌ಬಾಲ್, ಇಸ್ಪೀಟು ಆಡುವುದು ‘ಇಗ್ರಾಯ’. (ಅವರ ನಿಘಂಟುಗಳು ಕ್ರಿಯಾಪದವನ್ನು ‘ನಾನು’ ರೂಪದಲ್ಲಿ ಕೊಡುತ್ತವೆ. ಹಾಗಾಗಿ ನೇರ ಅರ್ಥ ‘ಆಡುತ್ತೇನೆ’.) ನಾಟಕದಲ್ಲಿ ಪಾತ್ರ ಮಾಡುವುದೂ ಅದೇ. ಮಕ್ಕಳು ಸುಮ್ನೆ ತಮ್ಮಷ್ಟಕ್ಕೆ ಆಡುತ್ತಿದ್ದರೆ ಒಂದು ‘ಸಿ’ ಸೇರಿ ‘ಇಗ್ರಾಯ ಸಿ’ ಆಗುತ್ತದೆ. ನಮ್ಮ ‘ಆಡು’, ‘ಆಡಿಕೊ’ ಇದ್ದ ಹಾಗೆ, ಅಲ್ವಾ? ಊರವರು ‘ಆಡಿಕೊಳ್ಳುವ’ ವಿಷಯ ಬೇರೆ, ಅದು ಬಿಡಿ.

ವಾದ್ಯಕ್ಕೆ ‘ಇಗ್ರಾಯ’ ನಡೆಯುವುದಿಲ್ಲ. ಪಿಯಾನೋ ಇರಲಿ, ಚರ್ಮದ ಚೀಲಕ್ಕೆ ಗಾಳಿ ತುಂಬಿ ನುಡಿಸುವ ಗಾಯ್ಡಾ ಇರಲಿ, ಕವಾಲ್ ಎಂಬ ಉದ್ದ ಕೊಳಲಿರಲಿ, ‘ಸ್ವಿರ್ಯ’ ಎನ್ನಬೇಕು. ಬಾಯಲ್ಲಿ ಸಿಳ್ಳೆ ಹಾಕುವುದೂ, ರೆಫರಿ ಸೀಟಿ ಊದುವುದೂ ‘ಸ್ವಿರ್ಯ’ವೇ. ತಪನ್ ಎಂಬ ದೊಡ್ಡ ಡೋಲಿಗೆ ಮಾತ್ರ ‘ಬಿಯ’ ಬರುತ್ತದೆ, ಅಂದರೆ ಬಡಿ. ಇನ್ನು ರೆಕಾರ್ಡ್ ಆದ ಹಾಡನ್ನು ಪ್ಲೇ ಮಾಡುವುದು ‘ಪುಸ್ಕಮ್’. ಮೂಲದಲ್ಲಿ ‘ಬಿಡು’ ಎಂಬ ಅರ್ಥದ್ದು. ನಲ್ಲಿಯಲ್ಲಿ ನೀರು ಬಿಡುವುದು, ಟಿವಿ ಹಾಕುವುದು, ಪೋಸ್ಟಿಗೆ ಕಾಗದ ಹಾಕುವುದು ಎಲ್ಲಕ್ಕೂ ಅದೇ.

ತೊಡಕು ಒಂದೇ ಕಡೆಯದಲ್ಲ. ಕೈಕೈ ಹಿಡಿದು ಸಾಲಾಗಿ ಕುಣಿಯುವ ‘ಹೊರೊ’ವನ್ನು ಅವರು ‘ಇಗ್ರಾಯ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅಲ್ಲಿ ‘ಡ್ಯಾನ್ಸ್’ ಎನ್ನಲೇಬೇಕು. ‘ಪ್ಲೇ ಅಂದರೆ ಇಗ್ರಾಯ’ ಎಂದಷ್ಟೇ ಹೇಳುವ ಕೈಪಿಡಿಯಿಂದ ಏನೂ ಉಪಯೋಗವಿಲ್ಲ. ನಮ್ಮ ಕರಾವಳಿಯವರಿಗೆ ಇದು ಬೇಗ ಹೊಳೆಯುತ್ತದೆ. ‘ಇವತ್ತು ರಾತ್ರಿ ಆಟ ಉಂಟು’ ಎಂದರೆ ಅಲ್ಲಿ ಯಕ್ಷಗಾನ. ಯಾರೂ ಬ್ಯಾಟು ಹುಡುಕುವುದಿಲ್ಲ.

ಈಗ ನನ್ನ ಪ್ರಶ್ನೆ. ಅವರಿಗೆ ಒಂದು ‘ಸ್ವಿರ್ಯ’ ಸಾಕಾಗುವ ಕಡೆ ನಾವು ಕೊಳಲು ಊದುತ್ತೇವೆ, ವೀಣೆ ನುಡಿಸುತ್ತೇವೆ, ತಬಲಾ ಬಾರಿಸುತ್ತೇವೆ. ಹಾರ್ಮೋನಿಯಂಗೆ ನಿಮ್ಮೂರಲ್ಲಿ ಏನೆನ್ನುತ್ತಾರೆ? ‘ನುಡಿಸು’, ‘ಬಾರಿಸು’ ಎರಡನ್ನೂ ಕೇಳಿದ್ದೇನೆ. ಮೊಬೈಲಿನ ಹಾಡಿಗೆ ಮೈಸೂರು ಕಡೆ ‘ಹಾಕು’, ಧಾರವಾಡದ ಕಡೆ ‘ಹಚ್ಚು’. ಬಲ್ಗೇರಿಯನ್ನರಂತೆ ಹಾಡನ್ನು ‘ಬಿಡು’ವ ಊರು ನಮ್ಮಲ್ಲೂ ಇದೆಯೇ? ಗೊತ್ತಿದ್ದವರು ಪೂರ್ತಿ ವಾಕ್ಯ, ಊರಿನ ಹೆಸರು ಸಮೇತ ಬರೆಯಿರಿ.