ಹಳೆಯ ಸೇನಾ ರೈಫಲ್‌ಗೆ ರಂಧ್ರ ಕೊರೆಯುವ ಮುನ್ನ

ಡಲ್ಲಾಸ್ ಕನ್ನಡಿಗ:
ಎರಡನೆಯ ಮಹಾಯುದ್ಧದ ಕಾಲದ, ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ನಂ. 4 ರೈಫಲ್ ಕೊಂಡಿದ್ದೇನೆ. ಜಿಂಕೆ ಬೇಟೆಗೆ ಹೊತ್ತು ತಿರುಗಲು ಭಾರ. ಮುಂಭಾಗದ ಮರ ಕತ್ತರಿಸಿ, ನಳಿಗೆ ಗಿಡ್ಡ ಮಾಡಿಸಿ, ರಿಸೀವರ್‌ಗೆ, ಅಂದರೆ ನಳಿಗೆ ಸೇರುವ ಉಕ್ಕಿನ ಮೈಗೆ, ರಂಧ್ರ ಕೊರೆಸಿ ದುರ್ಬೀನು ಕೂರಿಸಬೇಕೆಂದಿದ್ದೇನೆ. ಲಕ್ಷಗಟ್ಟಲೆ ತಯಾರಾದ ಕೋವಿ. ಒಂದು ಬದಲಾದರೆ ನಷ್ಟವೇನು?

ಹಳೆಯ ಕೋವಿಪ್ರಿಯ:
ತಯಾರಾದದ್ದು ಲಕ್ಷಗಟ್ಟಲೆ ನಿಜ, ಯಾರೂ ಕೈ ಹಚ್ಚದೆ ಉಳಿದಿರುವುದು ಎಷ್ಟೋ ಕಡಿಮೆ. ದಯವಿಟ್ಟು ಮೊದಲು ಮುದ್ರೆಗಳನ್ನು ಓದಿ. ರಿಸೀವರ್‌ನ ಎಡಬದಿಯಲ್ಲಿ 'ಟಿ' ಅಕ್ಷರ, ಹೆಗಲಿಗೆ ಆನಿಸುವ ಮರದ ಹಿಡಿಯ ತಳಭಾಗದಲ್ಲಿ 'ಎಸ್51', ಹಿಡಿಯ ಕತ್ತಿನ ಮೇಲೆ ಬೇರೊಂದು ಸಂಖ್ಯೆ ಇವೆಯೇ? ಇದ್ದರೆ ಅದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆ ಸ್ನೈಪರ್‌ಗಳಿಗಾಗಿ ಸಜ್ಜುಗೊಳಿಸಿದ ರೈಫಲ್. ಕತ್ತಿನ ಮೇಲಿನದು ಅದರ ಜೊತೆಯ ದುರ್ಬೀನಿನ ಸಂಖ್ಯೆ. ಅಂಥದ್ದಕ್ಕೆ ಸಂಗ್ರಾಹಕರು ಸಾಮಾನ್ಯ ನಂ. 4ರ ಹಲವು ಪಟ್ಟು ಬೆಲೆ ಕೊಡುತ್ತಾರೆ.

ಡಲ್ಲಾಸ್ ಕನ್ನಡಿಗ:
ಅವು ಯಾವುವೂ ಇಲ್ಲ. ಎಡಬದಿಯಲ್ಲಿ 'ಯು.ಎಸ್. ಪ್ರಾಪರ್ಟಿ' ಎಂದಿದೆ. ಗುಂಡನ್ನು ಒಳತಳ್ಳಿ ಮುಚ್ಚುವ ಬೋಲ್ಟ್‌ನ ಹಿಡಿಕೆಯ ಮೇಲಿನ ಸಂಖ್ಯೆ ರೈಫಲ್‌ನ ಸಂಖ್ಯೆಗೆ ಹೊಂದುತ್ತದೆ.

ಹಳೆಯ ಕೋವಿಪ್ರಿಯ:
ಹಾಗಾದರೆ ಮ್ಯಾಸಚೂಸೆಟ್ಸ್‌ನ ಸ್ಯಾವೇಜ್ ಕಾರ್ಖಾನೆಯದು, ಯುದ್ಧಕಾಲದಲ್ಲಿ ಅಮೆರಿಕ ಮಿತ್ರರಾಷ್ಟ್ರಗಳಿಗೆ ಶಸ್ತ್ರ ಒದಗಿಸಿದ ಲೆಂಡ್-ಲೀಸ್ ಯೋಜನೆಯಲ್ಲಿ ಬ್ರಿಟನ್ನಿಗೆಂದು ತಯಾರಾದದ್ದು. ಅಪರೂಪದ್ದೇನಲ್ಲ. ಆದರೆ ಬೋಲ್ಟ್ ಮೂಲದ್ದೇ ಎಂಬುದು ದೊಡ್ಡ ಮಾತು. ಮುಂಭಾಗದ ಮರದ ಅಡಿಯಲ್ಲೂ, ತುದಿಯ ಹತ್ತಿರ, ಸಂಖ್ಯೆ ಹುಡುಕಿ.

ಮಿಚಿಗನ್ ರೈತ:
ಸ್ವತ್ತು ಅವರದು, ತೀರ್ಮಾನವೂ ಅವರದೇ. 1968ರ ಬಂದೂಕು ನಿಯಂತ್ರಣ ಕಾಯ್ದೆಗೆ ಮುಂಚೆ ಇವು ಅಂಚೆಯಲ್ಲೇ ಅಗ್ಗವಾಗಿ ಮನೆಗೆ ಬರುತ್ತಿದ್ದವು. ಇಲ್ಲಿನ ರೈತರು ಕತ್ತರಿಸಿ ಬೇಟೆಗೆ ಒಗ್ಗಿಸಿಕೊಂಡರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕೂಡ ಅಮೆರಿಕ ಸೇನೆಯ ಸ್ಪ್ರಿಂಗ್‌ಫೀಲ್ಡ್ 1903 ರೈಫಲ್ಲನ್ನು ಬೇಟೆಗೆ ತಕ್ಕಂತೆ ಮಾಡಿಸಿಕೊಂಡಿದ್ದರು. ಉಪಯೋಗಿಸುವ ವಸ್ತುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಏನು ಮಾಡುವುದು?

ಹಳೆಯ ಕೋವಿಪ್ರಿಯ:
ಆಗ ಹೊಸ ಬೇಟೆ ರೈಫಲ್ ದುಬಾರಿ, ಸೇನೆಯ ಹಳೆಯದು ಅಗ್ಗ. ಈಗ ನಳಿಗೆ ಕತ್ತರಿಸಿ, ರಂಧ್ರ ಕೊರೆದು, ಹೊಸ ಹಿಡಿ ಕೂರಿಸುವ ಕೂಲಿಯಲ್ಲೇ ಹೊಸ ರೈಫಲ್ ಬರುತ್ತದೆ. ಸ್ಪ್ರಿಂಗ್‌ಫೀಲ್ಡ್ 1903ರ ಮಾತೆತ್ತಿದಿರಿ, ಅಲ್ಲೂ ಸಂಖ್ಯೆ ನೋಡಲೇಬೇಕು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಸಂಖ್ಯೆಯವುಗಳ ಉಕ್ಕನ್ನು ಕಾಯಿಸಿದ ರೀತಿ ಸರಿಯಿರಲಿಲ್ಲ, ಕೆಲವು ಒಡೆದು ಜನರಿಗೆ ಗಾಯವಾಗಿದೆ. ಸಂಗ್ರಾಹಕರಿಗೆ ಅವು ಬೇಕು, ಬೇಟೆಗೆ ಒಯ್ಯಬಾರದು.

ವಿರಾಜಪೇಟೆಯವಳು:
ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯವಳು ನಾನು, ಮೂಲದ ಮರಕ್ಕೆ ಗರಗಸ ಎಂದರೆ ಸಂಕಟವಾಗುತ್ತದೆ. ರಿಸೀವರ್ ಕೊರೆಯದೆಯೇ ದುರ್ಬೀನು ಕೂರಿಸುವ ಮೌಂಟ್‌ಗಳು ನಂ. 4ಕ್ಕೆ ಸಿಗುತ್ತವೆ. ಇಲ್ಲವೇ, ಹಿಂದೆಯೇ ಯಾರೋ ಕತ್ತರಿಸಿದ್ದನ್ನು ಕೊಂಡು ಬೇಕಾದಂತೆ ಬದಲಿಸಿಕೊಳ್ಳಿ. ಅದಕ್ಕೆ ನನ್ನ ತಕರಾರಿಲ್ಲ.

ಡಲ್ಲಾಸ್ ಕನ್ನಡಿಗ:
ಮರದ ಅಡಿಯಲ್ಲೂ ಅದೇ ಸಂಖ್ಯೆ ಇದೆ. ಇದನ್ನು ಮುಟ್ಟುವುದಿಲ್ಲ. ಅಕ್ಕ ಹೇಳಿದಂತೆ ಕತ್ತರಿಸಿದ್ದನ್ನೇ ಹುಡುಕುತ್ತೇನೆ.

ಮಿಚಿಗನ್ ರೈತ:
ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೂ ಒಂದು ಮಾತು. 'ಡಿಪಿ' ಮುದ್ರೆಯಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಅದು ಕವಾಯತಿಗೆಂದು ಇಳಿಸಿದ ಕೋವಿ, ಅದರಲ್ಲಿ ಗುಂಡು ಹಾರಿಸುವುದು ಅಪಾಯ.