ಅಂಡಮಾನ್‌ಗೆ ಹೋಗಿ ಬೀಚಲ್ಲಿ ಮಲಗೋದು ಬಿಟ್ಟು ಇನ್ನೇನು ಮಾಡ್ಬೋದು?

ರಾಜಾಜಿನಗರ ಹೈದ:

ಎಲ್ಲರಿಗೂ ನಮಸ್ಕಾರ. ಮಗಳ ಬೇಸಿಗೆ ರಜಕ್ಕೆ ಅಂಡಮಾನ್‌ಗೆ ಹೋಗೋಣ ಅಂತ ಮನೇಲಿ ತೀರ್ಮಾನ ಆಗಿದೆ, ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್ ಇದೆಯಲ್ಲ ಅದಕ್ಕೇ ಧೈರ್ಯ ಬಂತು. ನಾನು, ನಮ್ಮ ಮನೆಯವರು, 11 ವರ್ಷದ ಮಗಳು, ಜೊತೆಗೆ ನಮ್ಮಮ್ಮ. ಅಮ್ಮಂಗೆ ಅರವತ್ತು ದಾಟಿದೆ, ಮಂಡಿ ನೋವು, ಆದ್ರೆ ನಿಧಾನಕ್ಕೆ ಎಷ್ಟು ಬೇಕಾದ್ರೂ ನಡೀತಾರೆ. ಏಜೆಂಟ್ ಒಬ್ರು ಕಳಿಸಿರೋ ಪ್ಯಾಕೇಜ್ ನೋಡಿದ್ರೆ ದಿನಾ ಒಂದು ಬೀಚು, ಅಲ್ಲಿ ಎರಡು ಗಂಟೆ ಫ್ರೀ ಟೈಮು, ಮತ್ತೆ ಗಾಡಿ ಹತ್ತಿ ಇನ್ನೊಂದು ಬೀಚು. ನಮ್ಮ ಮನೇಲಿ ಬಿಸಿಲಿಗೆ ಟವಲ್ ಹಾಸ್ಕೊಂಡು ಮಲಗೋರು ಯಾರೂ ಇಲ್ಲ ಸಾರ್. ಮಗಳಿಗೆ ಮೀನು, ಏಡಿ, ಹುಳ ಹುಪ್ಪಟೆ ಅಂದ್ರೆ ಪ್ರಾಣ. ಅಮ್ಮಂಗೆ ಹಳೇ ಕಾಲದ ವಿಷಯ, ಗಿಡ ಮರ. ನಮ್ಮಿಬ್ರಿಗೂ ಈಜು ಅಷ್ಟಕ್ಕಷ್ಟೆ. ಹೋಗಿ ಬಂದೋರು ಯಾರಾದ್ರೂ ಇದ್ರೆ, ಅಲ್ಲಿ ನಿಜವಾಗ್ಲೂ ನೋಡೋದು ಮಾಡೋದು ಏನಿದೆ ಅಂತ ಬಿಡಿಸಿ ಹೇಳಿ. ಒಂದು ವಾರ ಟೈಮ್ ಇದೆ.

ಕಡಲ ಕಡೆಯವ:

ನಾನು ಹುಟ್ಟಿದ್ದು ಕುಂದಾಪುರದ ಕಡೆ, ಈಗ ಇರೋದು ವಿಜಯನಗರದಲ್ಲಿ, ಅಂಡಮಾನ್‌ಗೆ ಹೋಗಿ ಬಂದಿದೀನಿ ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ಮೊದಲನೇ ಮಾತು, ಹೋಟೆಲ್ ಆಮೇಲೆ ನೋಡಿ, ಮೊದ್ಲು ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಯಾವತ್ತು ಅಂತ ನೋಡಿ. ಹುಡುಗಾಟಕ್ಕೆ ಹೇಳ್ತಿಲ್ಲ. ದ್ವೀಪದಲ್ಲಿ ಅತಿ ಚೆನ್ನಾಗಿರೋ ಎರಡು ಕೆಲಸ ಚಂದ್ರನ ಮೇಲೇ ನಿಂತಿವೆ, ಆದ್ರೆ ಪ್ಯಾಕೇಜ್ ಮಾಡೋರು ಯಾರೂ ಇದನ್ನ ಹೇಳಲ್ಲ.

ಒಂದು, ನೀಲ್ ದ್ವೀಪದ (2018ರಿಂದ ಅದರ ಹೆಸರು ಶಹೀದ್ ದ್ವೀಪ) ನ್ಯಾಚುರಲ್ ಬ್ರಿಡ್ಜ್. ಎಲ್ಲರೂ ಹೋಗಿ ಆ ಕಲ್ಲಿನ ಕಮಾನು ಕೆಳಗೆ ನಿಂತು ಫೋಟೋ ತಗೊಂಡು ವಾಪಸ್ ಬಂದುಬಿಡ್ತಾರೆ, ನೋಡ್ಬೇಕಾಗಿರೋದು ಕಾಲ ಕೆಳಗೆ. ಇಳಿತ ಇದ್ದಾಗ ಸಮುದ್ರ ಹಿಂದೆ ಸರಿದು ಹವಳದ ಬಂಡೆಗಳ ಮಧ್ಯ ಗುಂಡಿ ಗುಂಡಿ ನೀರು ನಿಂತಿರುತ್ತೆ, ಒಂದೊಂದು ಗುಂಡೀಲೂ ಒಂದೊಂದು ಸಂಸಾರ. ಸಮುದ್ರ ಸೌತೆ (ಸೌತೆಕಾಯಿ ಆಕಾರದ ಪ್ರಾಣಿ) ಅಂತಾರಲ್ಲ ಅದು ಮರಳಲ್ಲಿ ಸುಮ್ನೆ ಬಿದ್ದಿರುತ್ತೆ, ಶಂಖದ ಚಿಪ್ಪು ಹೊತ್ಕೊಂಡು ಓಡಾಡೋ ಏಡಿ ಇರುತ್ತೆ, ಬಂಡೆ ಸಂದೀಲಿ ಹೂತುಕೊಂಡಿರೋ ದೊಡ್ಡ ಚಿಪ್ಪಿನ ತುಟಿ ನೀಲಿ ಹಸಿರು ಬಣ್ಣದ್ದು, ನಿಮ್ಮ ನೆರಳು ಅದರ ಮೇಲೆ ಬಿತ್ತು ಅಂದ್ರೆ ಟಪ್ ಅಂತ ಮುಚ್ಕೊಳ್ಳುತ್ತೆ, ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ಮತ್ತೆ ನಿಧಾನಕ್ಕೆ ಬಿಚ್ಕೊಳ್ಳುತ್ತೆ. ನಿಮ್ಮ ಮಗಳನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟ ಆಗುತ್ತೆ ನೋಡಿ. ನೀರು ಜಾಸ್ತಿ ಇರೋ ಟೈಮಲ್ಲಿ ಹೋದ್ರೆ ಇದ್ಯಾವುದೂ ಕಾಣಲ್ಲ, ಬ್ರಿಡ್ಜ್ ಹತ್ರ ಹೋಗೋಕೂ ದಾರಿ ಇರಲ್ಲ. ಅಮಾವಾಸ್ಯೆ ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ನೀರು ಎಲ್ಲಕ್ಕಿಂತ ಜಾಸ್ತಿ ಹಿಂದೆ ಹೋಗುತ್ತೆ, ಅಷ್ಟಮಿ ಆಸುಪಾಸಲ್ಲಿ ಅಷ್ಟು ಇಳಿಯಲ್ಲ.

ಎರಡನೇದು ಹ್ಯಾವ್ಲಾಕ್‌ನಲ್ಲಿ (ಸ್ವರಾಜ್ ದ್ವೀಪ) ರಾತ್ರಿ ಕಯಾಕಿಂಗ್. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮಧ್ಯದ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಏಕಕೋಶ ಜೀವಿಗಳಿರ್ತವೆ, ನೀರು ಕದಡಿದ್ರೆ ಮಿಂಚುತ್ವೆ. ಹುಟ್ಟು ಹಾಕಿದ ಕಡೆಯೆಲ್ಲ ಕತ್ತಲಲ್ಲಿ ರಂಗೋಲಿ ಪುಡಿ ಚೆಲ್ಲಿದ ಹಾಗೆ ಬೆಳಕು ಏಳುತ್ತೆ, ಕೈ ಅದ್ದಿ ಎತ್ತಿದ್ರೆ ಬೆರಳ ಸಂದಿಂದ ಹನಿ ಹನಿಯಾಗಿ ಬೀಳುತ್ತೆ. ಚಂದ್ರ ಇದ್ರೆ ಮಂಕು, ಹುಣ್ಣಿಮೆ ದಿನ ಹೋದೋರು ದುಡ್ಡು ದಂಡ ಅಂತ ಬೈಕೊಂಡು ಬರ್ತಾರೆ, ತಪ್ಪು ನೀರಿಂದಲ್ಲ ದಿನದ್ದು. ಲೈಫ್ ಜಾಕೆಟ್ ಹಾಕ್ತಾರೆ, ಇಬ್ರು ಕೂರೋ ಕಯಾಕ್ ಇರುತ್ತೆ, ಈಜು ಬರ್ಲೇಬೇಕು ಅಂತಿಲ್ಲ. ಮೊಬೈಲ್ ತೆಗೀಬೇಡಿ, ಕಣ್ಣು ಕತ್ತಲಿಗೆ ಹೊಂದ್ಕೊಳ್ಳೋಕೆ ಸುಮಾರು ಹೊತ್ತು ಬೇಕು, ಒಂದ್ಸಲ ಸ್ಕ್ರೀನ್ ನೋಡಿದ್ರೆ ಮತ್ತೆ ಮೊದಲಿಂದ.

ಸುಣ್ಣದಕೇರಿ:

ಅಮ್ಮನ ಬಗ್ಗೆ ಯಾರೂ ಬರೀಲಿಲ್ಲ ಅಂತ ನಾನು ಬರೀತಿದೀನಿ. ಪೋರ್ಟ್ ಬ್ಲೇರ್‌ಗೆ (2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರು ಬದಲಾಯಿಸಿದ್ರು) ಎರಡು ದಿನ ಇಡಿ. ಪ್ಯಾಕೇಜ್‌ಗಳಲ್ಲಿ ಅರ್ಧ ದಿನಕ್ಕೆ ಮುಗಿಸ್ತಾರೆ, ಅದು ಸರಿ ಅಲ್ಲ. ಸೆಲ್ಯುಲರ್ ಜೈಲು 1896ರಲ್ಲಿ ಶುರುವಾಗಿ 1906ಕ್ಕೆ ಮುಗಿದಿದ್ದು, ಏಳು ರೆಕ್ಕೆ ಇತ್ತು ಈಗ ಉಳಿದಿರೋದು ಮೂರು. ಒಂದು ರೆಕ್ಕೆಯ ಬಾಗಿಲು ಇನ್ನೊಂದು ರೆಕ್ಕೆಯ ಬೆನ್ನಿಗೆ ಬರೋ ಹಾಗೆ ಕಟ್ಟಿದಾರೆ, ಯಾವ ಕೈದಿಗೂ ಇನ್ನೊಬ್ಬನ ಮುಖ ಕಾಣಬಾರದು ಅಂತ. ಒಂದು ಕೋಣೆ ಒಳಗೆ ನಿಂತು ಮೇಲಿನ ಸಣ್ಣ ಗವಾಕ್ಷಿ ನೋಡಿ, ಆಮೇಲೆ ಹೊರಗೆ ಗಾಣ ಇಟ್ಟಿದಾರೆ ಅದನ್ನ ನೋಡಿ, ಎತ್ತು ಎಳೆಯೋದನ್ನ ಮನುಷ್ಯರ ಕೈಲಿ ಎಳೆಸ್ತಿದ್ರು. ಮಗಳಿಗೆ ಮೊದಲೇ ಸ್ವಲ್ಪ ಹೇಳಿ ಕರ್ಕೊಂಡು ಹೋಗಿ. ಸಂಜೆ ಧ್ವನಿ ಬೆಳಕು ಕಾರ್ಯಕ್ರಮ ಇರುತ್ತೆ, ಕೂತ್ಕೊಂಡೇ ನೋಡೋದರಿಂದ ಅಮ್ಮಂಗೆ ಆರಾಮ.

ಮಾರನೇ ದಿನ ರಾಸ್ ದ್ವೀಪ, ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ. ಬ್ರಿಟಿಷರ ಆಡಳಿತ ಅಲ್ಲಿಂದ ನಡೀತಿತ್ತು, ಚರ್ಚು, ಬೇಕರಿ, ಕ್ಲಬ್ಬು ಎಲ್ಲ ಇತ್ತು, 1941ರ ಭೂಕಂಪ ಆಯ್ತು, ಮುಂದಿನ ವರ್ಷ ಜಪಾನಿಯರು ಬಂದ್ರು, ಊರು ಖಾಲಿ. ಈಗ ಆ ಗೋಡೆಗಳನ್ನ ಮರದ ಬೇರು ಹಿಡ್ಕೊಂಡು ನಿಂತಿವೆ, ಗೋಡೆ ಬಿದ್ದು ಹೋಗಿ ಆ ಬೇರುಗಳೇ ಗೋಡೆ ಆಗಿರೋ ಕಡೆನೂ ಇದೆ. ಜಿಂಕೆ, ನವಿಲು ಪಕ್ಕದಲ್ಲೇ ಓಡಾಡ್ತವೆ. ನಡೆಯೋಕೆ ಆಗದೋರಿಗೆ ಬ್ಯಾಟರಿ ಗಾಡಿ ಇದೆ. ನಮ್ಮ ಅತ್ತೆಯವರು ಇಡೀ ಟ್ರಿಪ್‌ನಲ್ಲಿ ಜಾಸ್ತಿ ಹೊತ್ತು ಮಾತಾಡಿದ್ದು ಆ ಮರಗಳ ಬಗ್ಗೆನೇ.

ಟೈಮ್ ಇದ್ರೆ ಮೌಂಟ್ ಹ್ಯಾರಿಯಟ್‌ಗೂ ಹೋಗಿ, 2021ರಲ್ಲಿ ಅದಕ್ಕೆ ಮೌಂಟ್ ಮಣಿಪುರ ಅಂತ ಹೆಸರಿಟ್ರು, 1891ರ ಯುದ್ಧದಲ್ಲಿ ಸೋತ ಮಣಿಪುರದ ರಾಜಮನೆತನದೋರನ್ನ ಅಲ್ಲೇ ಸೆರೆ ಇಟ್ಟಿದ್ರು. ಹಳೇ ಕೆಂಪು 20 ರೂಪಾಯಿ ನೋಟಿನ ಹಿಂದೆ ತೆಂಗಿನ ಮರ, ಸಮುದ್ರ ಇತ್ತಲ್ಲ, ಆ ನೋಟ ಅಲ್ಲಿಂದ ಕಾಣೋದು. ಮನೇಲಿ ಒಂದು ನೋಟಿದ್ರೆ ಜೇಬಲ್ಲಿ ಇಟ್ಕೊಂಡು ಹೋಗಿ, ಮಗಳ ಕೈಗೆ ಕೊಟ್ಟು ಹೋಲಿಸು ಅನ್ನಿ.

ಬಬಲ್ ಅಕ್ಕ:

ಸ್ಕೂಬಾ (ಗಾಳಿ ಸಿಲಿಂಡರ್ ಹೊತ್ಕೊಂಡು ನೀರೊಳಗೆ ಇಳಿಯೋದು) ಬಗ್ಗೆ ನಾನು ಹೇಳ್ತೀನಿ, ಡೈವ್ ಮಾಡ್ತೀನಿ. ಈಜು ಬರದಿದ್ರೂ ಮೊದಲ ಸಲದ ಡೈವ್ ಮಾಡ್ಬೋದು, ಇನ್‌ಸ್ಟ್ರಕ್ಟರ್ ಒಬ್ರು ನಿಮ್ಮನ್ನ ಹಿಡ್ಕೊಂಡೇ ಇರ್ತಾರೆ, ಹೆಚ್ಚಂದ್ರೆ 12 ಮೀಟರ್ ಆಳ. 10 ವರ್ಷ ತುಂಬಿದ ಮಕ್ಕಳಿಗೆ ಅವಕಾಶ ಇದೆ, ಹಾಗಾಗಿ ಮಗಳೂ ಇಳೀಬೋದು. ಮೆಡಿಕಲ್ ಫಾರ್ಮ್ ಕೊಡ್ತಾರೆ, ಆಸ್ತಮಾ, ಕಿವಿ ತೊಂದರೆ, ಹಾರ್ಟ್ ತೊಂದರೆ ಏನಿದ್ರೂ ಮುಚ್ಚಿಡದೆ ಬರೀರಿ, ಇಲ್ಲಿಂದಲೇ ಡಾಕ್ಟರ್ ಹತ್ರ ಕೇಳ್ಕೊಂಡು ಹೋಗಿ. ನೆಗಡಿ ಆಗಿದ್ರೆ ದಯವಿಟ್ಟು ಇಳೀಬೇಡಿ. ಕೆಳಗೆ ಹೋಗ್ತಾ ಹೋಗ್ತಾ ಕಿವಿ ಮೇಲೆ ಒತ್ತಡ ಬರುತ್ತೆ, ಮೂಗು ಹಿಡ್ಕೊಂಡು ಮೆಲ್ಲಗೆ ಊದಿ ಅದನ್ನ ಬಿಡಿಸ್ಬೇಕು, ಮೂಗು ಕಟ್ಟಿದ್ರೆ ಅದು ಆಗಲ್ಲ.

ಕೆಳಗೆ ಹೋದ್ಮೇಲೆ ಕಿವಿ ಕೊಟ್ಟು ಕೇಳಿ, ಕಟ್ ಕಟ್ ಅಂತ ಸದ್ದು ಬರ್ತಿರುತ್ತೆ. ಗಿಳಿ ಮೀನು ಹವಳದ ಬಂಡೆ ಕಚ್ಚೋ ಸದ್ದು ಅದು. ಬಂಡೆ ಮೇಲಿನ ಪಾಚಿ ತಿನ್ನೋಕೆ ಕಲ್ಲನ್ನೂ ಸೇರಿಸಿ ಕಚ್ಚುತ್ತೆ, ಒಳಗೆ ಪುಡಿ ಆಗಿ ಹಿಂದಿಂದ ಮರಳಾಗಿ ಬರುತ್ತೆ, ಹವಳದ ದ್ವೀಪಗಳ ಬಿಳಿ ಮರಳಲ್ಲಿ ಒಂದು ಪಾಲು ಇವುಗಳದ್ದೇ. ಮಗಳಿಗೆ ಇದನ್ನ ಮೊದಲೇ ಹೇಳಿ, ಬೀಚ್ ಮೇಲೆ ನಡೆಯೋದೂ ಬೇರೆ ಥರ ಆಗುತ್ತೆ ಆಮೇಲೆ.

ಡೈವ್ ಆದ್ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ಒಂದು ಪೂರ್ತಿ ದಿನ ಬಿಟ್ರೆ ಇನ್ನೂ ಒಳ್ಳೇದು. ಅದಕ್ಕೇ ಡೈವ್ ಮಾಡೋ ಹ್ಯಾವ್ಲಾಕ್ ಮೊದಲು, ನೀಲ್ ಆಮೇಲೆ ಇಟ್ಕೊಳ್ಳಿ. ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗೆ ಇಳಿಯೋ ಬದಲು ತುಂಬು ತೋಳಿನ ಈಜುಡುಗೆ ತಗೊಳ್ಳಿ, ಹವಳಕ್ಕೂ ಒಳ್ಳೇದು ಚರ್ಮಕ್ಕೂ ಒಳ್ಳೇದು. ಹವಳ ಮುಟ್ಟಬಾರದು, ಮೇಲೆ ನಿಲ್ಲಬಾರದು, ಕಲ್ಲಿನ ಥರ ಕಂಡ್ರೂ ಅದು ಜೀವ. ಚಿಪ್ಪು, ಹವಳದ ತುಂಡು ಏನೂ ಎತ್ಕೊಂಡು ಬರಬೇಡಿ, ವನ್ಯಜೀವಿ ಕಾಯ್ದೆ ಅಡಿ ಅಪರಾಧ, ಏರ್‌ಪೋರ್ಟಲ್ಲಿ ಹಿಡೀತಾರೆ.

ಅಮ್ಮಂಗೆ ನೀಲ್‌ನ ಭರತ್‌ಪುರ ಬೀಚಲ್ಲಿ ಗಾಜಿನ ತಳದ ದೋಣಿ ಇದೆ, ಕೂತಲ್ಲೇ ಹವಳ ಕಾಣುತ್ತೆ.

ದಾರಿಹೋಕ:

ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆ ಯಾರೂ ಹೇಳಿಲ್ವಲ್ಲ? ಕಾಂಡ್ಲಾ ಕಾಲುವೆಯೊಳಗೆ ಸ್ಪೀಡ್ ಬೋಟ್, ಗುಹೆ, ಕೆಸರು ಜ್ವಾಲಾಮುಖಿ, ಸೂಪರ್ ಆಗಿದೆ. ರಾತ್ರಿ ಮೂರಕ್ಕೆಲ್ಲ ಎದ್ದು ಹೊರಡ್ಬೇಕು ಅಷ್ಟೆ.

ಸುಣ್ಣದಕೇರಿ:

ದಾರಿಹೋಕ ಅವರೇ, ಗುಹೆ ಚೆನ್ನಾಗಿದೆ ಅನ್ನೋದು ನಿಜ. ಆದ್ರೆ ಅಲ್ಲಿಗೆ ಹೋಗೋ ರಸ್ತೆ ಇರೋದು ಜರಾವಾ ಬುಡಕಟ್ಟು ಜನರ ಕಾಡಿನ ಮಧ್ಯ. ಅವರು ಇರೋದೇ ಕೆಲವು ನೂರು ಜನ, ಹೊರಗಿನವರ ಜೊತೆ ಹೆದರದೆ ಒಡನಾಟ ಶುರು ಮಾಡಿದ್ದೇ 1990ರ ದಶಕದ ಕೊನೇಲಿ, ಅದಾದ ಸ್ವಲ್ಪ ದಿನಕ್ಕೇ 1999ರಲ್ಲಿ ದಡಾರ ಹರಡ್ತು. ಬೆಂಗಾವಲು ಜೊತೆ ಸಾಲಾಗಿ ಗಾಡಿ ಬಿಡ್ತಾರೆ, ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ, ಆದ್ರೂ ಕಿಟಕಿಗೆ ಮುಖ ಒತ್ತಿ ಮನುಷ್ಯರನ್ನ ಹುಡುಕೋ ಪ್ರವಾಸಿಗಳನ್ನ ಕಣ್ಣಾರೆ ನೋಡಿದೀನಿ, ತುಂಬಾ ಬೇಜಾರಾಯ್ತು. ಕಾಂಡ್ಲಾ ಕಾಡು ಹ್ಯಾವ್ಲಾಕ್‌ನಲ್ಲೂ ಇದೆ. ನಾನಂತೂ ಯಾರಿಗೂ ಬಾರಾಟಾಂಗ್‌ಗೆ ಹೋಗಿ ಅಂತ ಹೇಳಲ್ಲ. ಆ ದಿನವನ್ನ ಚಿಡಿಯಾ ಟಾಪುಗೆ ಕೊಡಿ, ಪೋರ್ಟ್ ಬ್ಲೇರ್‌ಗೆ ಹತ್ರ, ಬೆಳಿಗ್ಗೆ ಬೇಗ ಹೋದ್ರೆ ಅಂಡಮಾನ್ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು ಸಿಗ್ತವೆ, ಅಲ್ಲಿನದ್ದೇ ಕರೀ ಮರಕುಟಿಗ ಒಂದಿದೆ, ಸದ್ದು ಕೇಳಿ ಹುಡುಕ್ಬೇಕು.

ರಾಜಾಜಿನಗರ ಹೈದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದ್ಕೊಂಡಿರಲಿಲ್ಲ. ಬಾರಾಟಾಂಗ್ ಬಿಟ್ವಿ, ಅಮ್ಮಂಗೆ ಓದಿ ಹೇಳ್ದೆ, ಬೇಡ ಅಂದ್ರು. ಒಂದೇ ತೊಡಕು, ಅಮಾವಾಸ್ಯೆ ಅಂದ ತಕ್ಷಣ ಅಮ್ಮ ಪ್ರಯಾಣನೇ ಬೇಡ ಅಂತಿದಾರೆ. ಏನ್ ಮಾಡ್ಲಿ?

ಕಡಲ ಕಡೆಯವ:

ಅಮಾವಾಸ್ಯೆ ದಿನ ಪ್ರಯಾಣ ಮಾಡ್ಬೇಕಾಗೇ ಇಲ್ಲ. ನವಮಿಗೋ ದಶಮಿಗೋ ಮನೆಯಿಂದ ಹೊರಡಿ, ಎರಡು ದಿನ ಜೈಲು, ರಾಸ್, ಹಕ್ಕಿ. ದ್ವಾದಶಿ ಹೊತ್ತಿಗೆ ಹ್ಯಾವ್ಲಾಕ್ ಸೇರಿ. ಆಗ ಚಂದ್ರ ಹುಟ್ಟೋದೇ ಬೆಳಗಿನ ಜಾವ, ಸಂಜೆ ಪೂರ್ತಿ ಕತ್ತಲು, ಕಯಾಕಿಂಗ್‌ಗೆ ಇದೇ ಸರಿ. ಡೈವ್ ಅಲ್ಲೇ ಮುಗಿಸಿ. ಚತುರ್ದಶಿಗೆ ಫೆರ್ರಿ ಹತ್ತಿ ನೀಲ್‌ಗೆ ಬಂದುಬಿಟ್ರೆ ಅಮಾವಾಸ್ಯೆ ದಿನ ಕಡಲು ದಾಟೋ ಕೆಲಸನೇ ಇಲ್ಲ, ರೂಮ್ ಪಕ್ಕ ಸೈಕಲ್ ಬಾಡಿಗೆ ತಗೊಂಡು ಗದ್ದೆ ತರಕಾರಿ ತೋಟದ ಮಧ್ಯ ಸುತ್ತಾಡಿ, ಊರು ಚಿಕ್ಕದು, ಪೂರ್ವ ಬಂಗಾಳದಿಂದ ಬಂದು ನೆಲೆಸಿದೋರೇ ಜಾಸ್ತಿ, ಮೀನಿನ ಊಟ ಅವರ ಕೈದು ಚೆನ್ನಾಗಿರುತ್ತೆ. ಪಾಡ್ಯಕ್ಕೆ ನ್ಯಾಚುರಲ್ ಬ್ರಿಡ್ಜು. ಬಿದಿಗೆಗೆ ವಾಪಸ್. ಅಮ್ಮಂಗೆ ಪಂಚಾಂಗದ ಸಮೇತ ತೋರಿಸಿ, ಒಪ್ತಾರೆ.

ಮಕ್ಕಳ ರಜ ಅಂದ್ರೆ ಯುಗಾದಿ ಕಳೆದು ಬರೋ ಚೈತ್ರ ಅಮಾವಾಸ್ಯೆ ನೋಡಿ, ವರ್ಷಕ್ಕೆ ತಕ್ಕ ಹಾಗೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದೊಳಗೆ ಬರುತ್ತೆ. ಸೆಕೆ ಇರುತ್ತೆ ಆದ್ರೆ ಸಮುದ್ರ ಶಾಂತ. ಮೇ ಮಧ್ಯ ದಾಟಿದ್ರೆ ಮಳೆ. ಇನ್ನೊಂದು, ಅಲ್ಲಿ ನಮ್ಮದೇ ಗಡಿಯಾರ ಆದ್ರೂ ಸೂರ್ಯ ಬೇಗ, ಐದಕ್ಕೆಲ್ಲ ಬೆಳಕಾಗುತ್ತೆ, ಸಂಜೆ ಐದೂವರೆ ಆಯ್ತು ಅಂದ್ರೆ ಮುಳುಗೋ ಹೊತ್ತು. ಬೆಳಿಗ್ಗೆ ಎದ್ದಷ್ಟೂ ಲಾಭ.

ದಾರಿಹೋಕ:

ಸುಣ್ಣದಕೇರಿ ಅವರೇ, ನೀವು ಬರೆದದ್ದು ಓದಿ ಯೋಚನೆ ಮಾಡ್ದೆ, ಸರಿ ಅನ್ನಿಸ್ತು. ಹೈದ ಅವರೇ, ಖರ್ಚು ಜಾಸ್ತಿ ಆಗುತ್ತೆ ಅಂತ ಅನ್ನಿಸಿದ್ರೆ ಮುರುಡೇಶ್ವರದ ಹತ್ರ ನೇತ್ರಾಣಿ ದ್ವೀಪ ಇದೆ, ಅಲ್ಲೂ ಸ್ಕೂಬಾ ಇದೆ, ರಾತ್ರಿ ಬಸ್ಸಿಗೆ ಹತ್ತಿದ್ರೆ ಬೆಳಿಗ್ಗೆ ಊರು. ಮಗಳಿಗೆ ಮೊದಲು ಅಲ್ಲಿ ಒಂದ್ಸಲ ಇಳಿಸಿ ಧೈರ್ಯ ಬರಿಸ್ಕೊಂಡು ಆಮೇಲೆ ಅಂಡಮಾನ್‌ಗೆ ಹೋದ್ರೂ ಚೆನ್ನಾಗಿರುತ್ತೆ.

ರಾಜಾಜಿನಗರ ಹೈದ:

ಅಮ್ಮ ಒಪ್ಪಿದ್ರು! ಪಂಚಾಂಗ ಅವರೇ ತಂದು ಲೆಕ್ಕ ಹಾಕ್ತಿದಾರೆ. ಕೊನೇ ಪ್ರಶ್ನೆ, ಇಳಿತದ ಟೈಮ್ ಎಷ್ಟು ಗಂಟೆಗೆ ಅಂತ ತಿಳ್ಕೊಳ್ಳೋದು ಹೇಗೆ? ಮೊಸಳೆ ಅಂತಾನೂ ಕೇಳ್ದೆ, ನಿಜಾನಾ?

ಕಡಲ ಕಡೆಯವ:

ಮೊಬೈಲಲ್ಲಿ ಟೈಡ್ ಆ್ಯಪ್‌ಗಳಿವೆ, ಪೋರ್ಟ್ ಬ್ಲೇರ್ ಹಾಕಿದ್ರೆ ದಿನಕ್ಕೆ ಎರಡು ಉಬ್ಬರ ಎರಡು ಇಳಿತದ ಟೈಮ್ ಕೊಡುತ್ತೆ, ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅದಕ್ಕಿಂತ ರೂಮ್‌ನೋರನ್ನೋ ದೋಣಿಯೋರನ್ನೋ ಹಿಂದಿನ ದಿನ ಕೇಳಿದ್ರೆ ಬಾಯಲ್ಲೇ ಹೇಳ್ತಾರೆ. ಉಪ್ಪುನೀರಿನ ಮೊಸಳೆ ಇರೋದು ನಿಜ, ಬೋರ್ಡ್ ಹಾಕಿರೋ ಕಡೆ ನೀರಿಗೆ ಇಳೀಬೇಡಿ, ಹಳ್ಳ ಸಮುದ್ರ ಸೇರೋ ಜಾಗದಲ್ಲಂತೂ ಬೇಡವೇ ಬೇಡ, ಲೈಫ್‌ಗಾರ್ಡ್ ಇರೋ ಕಡೆ ಮಾತ್ರ ಸ್ನಾನ ಮಾಡಿ. ನ್ಯಾಚುರಲ್ ಬ್ರಿಡ್ಜ್‌ಗೆ ಇಳಿತಕ್ಕೆ ಒಂದು ಗಂಟೆ ಮುಂಚೆನೇ ಹೋಗಿ, ಜಾರದಿರೋ ಹಳೇ ಶೂ ಎಲ್ಲರಿಗೂ ಇರ್ಲಿ, ಬಂಡೆ ಮೇಲೆಲ್ಲ ಪಾಚಿ. ಅಮ್ಮನ್ನ ಒಬ್ರು ಕೈ ಹಿಡ್ಕೊಂಡು ನಿಧಾನಕ್ಕೆ ಕರ್ಕೊಂಡು ಹೋಗಿ, ಮಗಳು ಗುಂಡಿ ಹತ್ರ ಕೂತಿದ್ರೂ ಸರಿ, ನೀರು ತಿರುಗಿದ ಕೂಡ್ಲೆ ಎಬ್ಬಿಸಿ ವಾಪಸ್ ಹೊರಡಿ, ದಾರಿ ಬೇಗ ಮುಚ್ಚುತ್ತೆ.