ಸಹಾಯ ಬೇಕು: ಕಿರಾಣಿ ಅಂಗಡಿಯಲ್ಲಿ ಬೆಕ್ಕು ಮರಿ ಹಾಕಿದೆ

ಎಲ್ಲರಿಗೂ ನಮಸ್ಕಾರ. ಹಳೇ ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ ಇದೆ. ಇಲಿ ಕಾಟಕ್ಕೆ ಅಂತ ಸಾಕಿದ ಬೆಕ್ಕು ಈಗ ಅಕ್ಕಿ ಮೂಟೆಗಳ ಹಿಂದೆ ಮರಿ ಹಾಕಿದೆ. ಇಲಿ ಕಮ್ಮಿಯಾಗಿರುವುದು ನಿಜ. ಆದರೆ ಅದಕ್ಕೆ ಮಲಗಲು ಮಂಡಕ್ಕಿ ಚೀಲವೇ ಬೇಕು! ನಮ್ಮೂರಲ್ಲಿ ಮಂಡಕ್ಕಿ ಎಷ್ಟು ಖರ್ಚಾಗುತ್ತದೆ ಅಂತ ಗೊತ್ತಲ್ವಾ. ಚೀಲದ ಮೇಲೆ ಕೂದಲು ಕಂಡರೆ ಗಿರಾಕಿಗಳು ವಾಪಸ್ ಹೋಗುತ್ತಾರೆ. ಅವರ ತಪ್ಪೂ ಇಲ್ಲ, ತಿನ್ನುವ ಸಾಮಾನು. ಮುಚ್ಚಳದ ಡ್ರಮ್ಮಿಗೆ ತುಂಬಿಸೋಣ ಅಂದರೆ ಅಪ್ಪ, "ಚೀಲ ಕಾಣದಿದ್ರೆ ವ್ಯಾಪಾರ ಹೆಂಗಾಗುತ್ತೆ" ಅನ್ನುತ್ತಾರೆ. ಚೀಲದ ಮೇಲೆ ಹತ್ತದಂತೆ ಏನು ಮಾಡಬಹುದು?

ಮರಿಗಳನ್ನು 8 ವಾರ ತುಂಬಿದ ಮೇಲೆ ಕೊಡುತ್ತೇವೆ. ದಾವಣಗೆರೆ, ಹರಿಹರ ಕಡೆಯವರು ಸಾಕುವುದಾದರೆ ಹೇಳಿ. ಸುಮ್ನೆ ಆಸೆಪಟ್ಟು ಆಮೇಲೆ ಬೀದಿಗೆ ಬಿಡುವವರು ದಯವಿಟ್ಟು ಬೇಡ. ತಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಬೇಕು. ಮರಿ ಹಾಲು ಕುಡಿಯುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬ ಆಗಬಹುದು, ಹಾಗಾಗಿ ಜಾಸ್ತಿ ತಡ ಮಾಡುವಂತಿಲ್ಲ. ಊರಲ್ಲಿ ಯಾರು ಮಾಡುತ್ತಾರೆ, ಖರ್ಚು ಎಷ್ಟು?

ಇನ್ನೊಂದು ವಿಷಯ. ಪಕ್ಕದ ಅಂಗಡಿಯವರು ಇಲಿ ಪಾಷಾಣ ಇಡುತ್ತಾರೆ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದರ ಜೀವಕ್ಕೂ ಅಪಾಯ. ಜಗಳ ಆಗದಂತೆ ಅವರಿಗೆ ಹೇಗೆ ಹೇಳುವುದು? ನಾವೇ ಒಂದು ಇಲಿ ಬೋನು ತಂದುಕೊಟ್ಟರೆ ಒಪ್ಪುತ್ತಾರಾ? ಅಂಗಡಿ ಇಟ್ಟವರು ಯಾರಾದರೂ ಇದ್ದರೆ ತಿಳಿಸಿ.